ಇಂಟರ್‌ಲಾಕ್ ಇಟ್ಟಂಗಿಯ ಕಟ್ಟಡ: ಕಟ್ಟುವ ಮೊದಲು ತಿಳಿದಿರಬೇಕಾದದ್ದು



ಲಿಂಗನೂರಿನಲ್ಲಿ ನಾವು ಕಟ್ಟಿದ ಪುಸ್ತಕದ ಕೋಣೆಯ ಫೋಟೋ ನೋಡಿ ಮಿರಜ, ಕಾಗವಾಡ, ಅಥಣಿ, ಜತ್ತ ಕಡೆಯ ಅನೇಕರು ಒಂದೇ ಪ್ರಶ್ನೆ ಕೇಳಿದ್ದಾರೆ: “ಸಿಮೆಂಟ್ ಹಚ್ಚದ ಇಟ್ಟಂಗಿ ಮ್ಯಾಲೆ ಇಟ್ಟಂಗಿ ಇಟ್ಟರ ಗ್ವಾಡಿ ನಿಲ್ಲತೈತೇನ್ರಿ?” ನಿಲ್ಲುತ್ತದೆ. ಆದರೆ ಅದನ್ನು ನಿಲ್ಲಿಸುವುದು ಇಟ್ಟಂಗಿಯ ಲಾಕ್ ಒಂದೇ ಅಲ್ಲ. ಇದು ನಮಗೂ ಕಟ್ಟುವಾಗಲೇ ತಿಳಿದದ್ದು. ಮನೆ ಕಟ್ಟುವ ಯೋಚನೆಯಲ್ಲಿ ಇರುವವರಿಗೆ ಉಪಯೋಗವಾಗಲೆಂದು ಇಲ್ಲಿ ವಿವರವಾಗಿ ಬರೆಯುತ್ತಿದ್ದೇವೆ.

ಮೊದಲು, ನಾವು ಈ ದಾರಿ ಹಿಡಿದದ್ದು ಏಕೆ ಎಂಬುದು. ನಮ್ಮ ಕನ್ನಡ ಪುಸ್ತಕಗಳು ಹಳೆಯ ಮಣ್ಣಿನ ಗೋಡೆಯ ಮಾಳಿಗೆ ಮನೆಯೊಂದರಲ್ಲಿ ಇದ್ದವು. ಒಂದು ಮಳೆಗಾಲದಲ್ಲಿ ಹಿಂದಿನ ಗೋಡೆ ಕುಸಿಯಿತು. ಪುಸ್ತಕ ಉಳಿದವು, ಜಾಗ ಉಳಿಯಲಿಲ್ಲ. ಹೊಸ ಜಾಗವನ್ನು ಹಿತೈಷಿಯೊಬ್ಬರು ಬಾಯಿಮಾತಿನ ಮೇಲೆ ಕೊಟ್ಟರು. ಅವರಿಗೆ ಬೇಕಾದಾಗ ನಾವು ಬಿಡಬೇಕು. ಬೇರೆಯವರ ಜಾಗದಲ್ಲಿ ವರ್ಗಣಿ ಹಣದಿಂದ ಪಕ್ಕಾ ಕಟ್ಟಡ ಕಟ್ಟಿ ಮುಂದೊಮ್ಮೆ ಅದನ್ನು ಒಡೆಯುವುದು ಯಾರಿಗೂ ಸರಿ ಕಾಣಲಿಲ್ಲ. ಕಳಚಿ ಒಯ್ಯಲು ಬರುವಂಥ ಕೋಣೆ ಕಟ್ಟಲು ಬರುತ್ತದೆಯೇ ಎಂದು ಹುಡುಕಿದಾಗ ಈ ಇಟ್ಟಂಗಿ ಕಣ್ಣಿಗೆ ಬಿತ್ತು.

ಇದು ಹೊಸದೇನಲ್ಲ

ಒಂದಕ್ಕೊಂದು ಕೂಡುವ, ಒಂದೇ ಅಳತೆಯ ತುಣುಕುಗಳಿಂದ ಕಟ್ಟುವುದು ನಮ್ಮ ಜನಕ್ಕೆ ಹೊಸದಲ್ಲ. ಮಂಗಳೂರು ಹೆಂಚನ್ನು ಕೈಯಲ್ಲಿ ಹಿಡಿದು ನೋಡಿ. ಅಂಚಿನಲ್ಲಿ ಒಂದು ಕಾಲುವೆ, ಅದರೊಳಗೆ ಕೂಡಲು ಪಕ್ಕದ ಹೆಂಚಿಗೆ ಒಂದು ಏಣು, ಕೆಳಗೆ ರೀಪಿಗೆ ಸಿಕ್ಕಿಸಲು ಮೂಗು. ಮೊಳೆಯೂ ಬೇಡ, ಗಾರೆಯೂ ಬೇಡ. ಈ ಬಗೆಯ ಹೆಂಚನ್ನು ಫ್ರಾನ್ಸಿನ ಆಲ್ಸೇಸ್ ಪ್ರಾಂತದ ಗಿಲಾರ್ಡೋನಿ ಸಹೋದರರು 1841ರಲ್ಲಿ ಪೇಟೆಂಟ್ ಮಾಡಿಸಿದ್ದರು. ನಮ್ಮ ನಾಡಿನಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಅವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ಒಂದು ಚದರ ಮೀಟರಿಗೆ ಸುಮಾರು 15 ಹೆಂಚು ಬೇಕು. ಒಂದು ಒಡೆದರೆ ಅದೊಂದನ್ನೇ ಬದಲಿಸಬಹುದು. ಹಳೆಯ ಮನೆ ಬಿಚ್ಚಿದಾಗ ಹೆಂಚು ಹೊಸ ಮನೆಗೆ ಏರುತ್ತದೆ. ಆದರೆ ಒಂದು ಮಾತು ನೆನಪಿರಲಿ: ಹೆಂಚು ಹೆಂಚನ್ನು ಹಿಡಿದುಕೊಳ್ಳುತ್ತದೆ ಅಷ್ಟೇ, ಮಾಡಿನ ಭಾರ ಹೊರುವುದು ಕೆಳಗಿನ ಕಟ್ಟಿಗೆ.

ಇನ್ನೂ ಹಿಂದೆ ಹೋಗಬೇಕೆಂದರೆ ನಮಗೆ ಖಿದ್ರಾಪುರ ದೂರವಿಲ್ಲ. ಶಿರೋಳ ತಾಲೂಕಿನ ಕೃಷ್ಣಾ ದಂಡೆಯ ಕೋಪೇಶ್ವರ ಗುಡಿ 12ನೇ ಶತಮಾನದ್ದು, ಶಿಲಾಹಾರರ ಕಾಲದ್ದು. ಅಲ್ಲಿಯ ಶಾಸನಗಳಲ್ಲಿ ಹೆಚ್ಚಿನವು ಕನ್ನಡದವು ಎಂಬುದು ನಮಗೆಲ್ಲ ಹೆಮ್ಮೆಯ ಸಂಗತಿ. ನಮ್ಮ ಕಡೆ ಗಾರೆಯಿಲ್ಲದ ಕಲ್ಲುಗುಡಿಗಳಿಗೆಲ್ಲ ‘ಹೇಮಾಡಪಂತಿ’ ಎನ್ನುವ ವಾಡಿಕೆ ಇದೆ. ಆದರೆ ಈ ಗುಡಿ ಯಾದವರ ಮಂತ್ರಿ ಹೇಮಾದ್ರಿಗಿಂತ ಹಿಂದಿನದು. ಈ ಕಟ್ಟುವ ರೀತಿಯಲ್ಲಿ ಕಂಬದ ಪೀಠ, ನಡು, ಬೋದಿಗೆ ಎಲ್ಲವೂ ಬೇರೆ ಬೇರೆ ಕಲ್ಲು. ಒಂದರ ಮುಳ್ಳು ಇನ್ನೊಂದರ ಕುಳಿಯಲ್ಲಿ ಕೂಡುತ್ತದೆ. ಸ್ವರ್ಗಮಂಟಪದಲ್ಲಿ ನಿಂತು ತಲೆ ಎತ್ತಿದರೆ ನಡುವೆ ಆಕಾಶ ಕಾಣುತ್ತದೆ. ಆ ದುಂಡಾದ ತೆರಪಿನ ಸುತ್ತ ಕಲ್ಲಿನ ಸುತ್ತುಗಳು ಕೆಳಗಿನ ಹನ್ನೆರಡು ಕಂಬಗಳ ಮೇಲೆ ಕೂತಿವೆ. ಅಲ್ಲಿ ಕೀಲು ಕಲ್ಲನ್ನು ಜಾಗದಲ್ಲಿ ಇಡುತ್ತದೆ, ಕಲ್ಲಿನ ತೂಕ ಕಟ್ಟಡವನ್ನು ಹಿಡಿಯುತ್ತದೆ.

ನಮ್ಮ ಹಗುರ ಇಟ್ಟಂಗಿಗೆ ಆ ತೂಕ ಇಲ್ಲ. ಹಾಗಾದರೆ ಅದನ್ನು ಹಿಡಿಯುವುದು ಯಾವುದು? ಮುಖ್ಯ ಪ್ರಶ್ನೆ ಇದೇ.

ಮಕ್ಕಳ ಲೆಗೋ ಆಟಿಕೆಯಿಂದಲೂ ಒಂದು ಪಾಠ ಸಿಗುತ್ತದೆ. 2009ರಲ್ಲಿ ಇಂಗ್ಲೆಂಡಿನ ಸರ್ರೆಯಲ್ಲಿ ಜೇಮ್ಸ್ ಮೇ ಎಂಬ ಟಿವಿ ನಿರೂಪಕರು ಸುಮಾರು 33 ಲಕ್ಷ ಲೆಗೋ ಇಟ್ಟಂಗಿಗಳಿಂದ ಎರಡಂತಸ್ತಿನ ನಿಜವಾದ ಮನೆ ಕಟ್ಟಿಸಿದರು. ಅದರೊಳಗೂ ಆಧಾರಕ್ಕೆ ಕಟ್ಟಿಗೆಯ ಚೌಕಟ್ಟು ಬೇಕಾಯಿತು. ಕೊನೆಗೆ ಒಯ್ಯುವವರು ಸಿಗದೆ ಅದನ್ನು ಕಳಚಿದರು.

ಇಟ್ಟಂಗಿ ಹೇಗಿರುತ್ತದೆ?

ನಾವು ತಂದದ್ದು 12 ಇಂಚು ಉದ್ದ, 6 ಇಂಚು ಅಗಲ, 4 ಇಂಚು ಎತ್ತರದ್ದು. ಮೇಲೆ ಎರಡು ಗುಬ್ಬಿ, ಕೆಳಗೆ ಅದೇ ಅಳತೆಯ ಎರಡು ಕುಳಿ, ನಡುವೆ ಆರಪಾರ ತೂತು. ಒಂದರ ಗುಬ್ಬಿ ಇನ್ನೊಂದರ ಕುಳಿಯಲ್ಲಿ ಕೂಡುತ್ತದೆ. ಪ್ರತಿ ಸಾಲಿನಲ್ಲಿ ಅರ್ಧ ಇಟ್ಟಂಗಿ ಸರಿಸಿ ಇಡುವುದರಿಂದ ಸಂದಿಗಳು ಒಂದರ ಮೇಲೊಂದು ಬರುವುದಿಲ್ಲ. ತೂತು ಸಾಲಾಗಿ ಕೂಡುವುದರಿಂದ ಮೇಲಿನಿಂದ ಕೆಳಗಿನವರೆಗೆ ಕಬ್ಬಿಣದ ಸರಳು ಇಳಿಸಬಹುದು.

ಇದರಲ್ಲಿ ಎರಡು ಬಗೆ. ಒಂದು ಕಾಂಕ್ರೀಟಿನದು. ಇನ್ನೊಂದು ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ್ದು. ಒತ್ತಿದ ಮಣ್ಣಿನ ಇಟ್ಟಂಗಿಯ ಬಗ್ಗೆ ಕರ್ನಾಟಕದಲ್ಲೇ ದೊಡ್ಡ ಕೆಲಸ ಆಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಆರಂಭಿಸಿದರು. ಅಲ್ಲಿ ಕೆ. ಎಸ್. ಜಗದೀಶ್ ಮುಂತಾದವರು ಮಣ್ಣಿನ ಇಟ್ಟಂಗಿಯನ್ನು ವರ್ಷಗಟ್ಟಲೆ ಪರೀಕ್ಷಿಸಿ ಜನರ ಮನೆಗಳವರೆಗೆ ತಂದರು. ಇದಕ್ಕೆ ಐಎಸ್ 1725 ಎಂಬ ಭಾರತೀಯ ಮಾನಕವೂ ಇದೆ. ಕೊಳ್ಳುವಾಗ ಈ ಮಾನಕದ ಪ್ರಕಾರ ಪರೀಕ್ಷೆ ಆಗಿದೆಯೇ ಎಂದು ಕೇಳಿರಿ.

ಮಣ್ಣು ನೋಡಿ ಮುಂದುವರಿಯಿರಿ

ನಮ್ಮ ಕಡೆ ಮೊದಲ ತೊಡಕು ಎರೆಮಣ್ಣು. ಕಬ್ಬಿಗೆ, ಜೋಳಕ್ಕೆ ಅದು ಬಂಗಾರ, ಇಟ್ಟಂಗಿಗೆ ಬೇಡ. ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಅಲ್ಪ ಸಿಮೆಂಟಿನಿಂದ ಅದು ಹಿಡಿತಕ್ಕೆ ಬರುವುದಿಲ್ಲ. ಇದಕ್ಕೆ ಗರಸು, ಕೆಂಪು ಮಣ್ಣು, ಜೊತೆಗೆ ಉಸುಕು ಅಥವಾ ಕ್ರಷರ್ ಪುಡಿ ಬೇಕು. ಜಿಗುಟು ಮಣ್ಣಿನ ಪಾಲು ನೂರಕ್ಕೆ 10ರಿಂದ 15ರಷ್ಟು ಇದ್ದರೆ ಚಲೋ. ಸಿಮೆಂಟ್ ನೂರಕ್ಕೆ 5ರಿಂದ 8ರಷ್ಟು.

ಮನೆಯಲ್ಲೇ ನೋಡುವ ವಿಧಾನ ಹೀಗಿದೆ. ಗಾಜಿನ ಭರಣಿಯಲ್ಲಿ ಮೂರನೇ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಸೇರಿಸಿ ಚೆನ್ನಾಗಿ ಅಲುಗಾಡಿಸಿ ಒಂದು ರಾತ್ರಿ ಇಡಿ. ಉಸುಕು ಕೆಳಗೆ, ನಯ ಮಣ್ಣು ನಡುವೆ, ಜಿಗುಟು ಮಣ್ಣು ಮೇಲೆ ಪದರಾಗಿ ಕೂಡುತ್ತದೆ. ಅಳತೆಪಟ್ಟಿ ಹಿಡಿದರೆ ಅಂದಾಜು ಸಿಗುತ್ತದೆ. ಇಟ್ಟಂಗಿ ಕೊಳ್ಳುವ ಮೊದಲು ಒಂದನ್ನು ರಾತ್ರಿಯಿಡೀ ನೀರಿನಲ್ಲಿ ಮುಳುಗಿಸಿ ಬೆಳಿಗ್ಗೆ ಮೂಲೆಯನ್ನು ಉಗುರಿನಿಂದ ಕೆರೆಯಿರಿ. ಮೆತ್ತಗಾಗಿ ಉದುರಿದರೆ ಆ ಮಾಲು ಬೇಡ.

ಮುಖ್ಯವಾಗಿ, ಸುಟ್ಟ ಇಟ್ಟಂಗಿಗೆ ಭಟ್ಟಿ ಬೇಕು, ಇದಕ್ಕೆ ನೀರು ಬೇಕು. ಒತ್ತಿದ ಮೇಲೆ ಬಿಸಿಲಿಗೆ ಒಣಗಿಸದೆ ಮೂರು ನಾಲ್ಕು ವಾರ ಮುಚ್ಚಿಟ್ಟು ಹಸಿಯಾಗಿ ಇಡಬೇಕು. ಅವಸರ ಮಾಡಿದ ಮಾಲು ನೋಡಲು ಒಂದೇ ತೆರ ಕಾಣುತ್ತದೆ, ಮಳೆಗೆ ಗುಟ್ಟು ಬಿಡುತ್ತದೆ.

ಮೊದಲ ಸಾಲಿನಲ್ಲಿ ನಾವು ಎಡವಿದ್ದು

ನಮ್ಮ ಕೋಣೆ 10 ಅಡಿಗೆ 12 ಅಡಿ, ಎತ್ತರ 8 ಅಡಿ. ಅಂದರೆ 24 ಸಾಲು. ಒಂದು ಚದರ ಅಡಿ ಗೋಡೆಗೆ ಮೂರು ಇಟ್ಟಂಗಿ. ಬಾಗಿಲು, ಕಿಟಕಿ ಬಿಟ್ಟು ಸುಮಾರು 950 ಬೇಕಾದವು. ಗೋಡೆಯ ಉದ್ದ, ಬಾಗಿಲಿನ ಅಗಲ ಎಲ್ಲವೂ ಅರ್ಧ ಇಟ್ಟಂಗಿಯ ಲೆಕ್ಕಕ್ಕೆ ಕೂಡಬೇಕು. ಇಲ್ಲದಿದ್ದರೆ ಕಡಿಯುವುದರಲ್ಲೇ ದಿನ ಹೋಗುತ್ತದೆ.

ಪಾಯಾ ಎರೆಮಣ್ಣು ದಾಟಿ ಗರಸಿನವರೆಗೆ ತೋಡಿದೆವು. ಅದು ಸರಿಯಾಯಿತು. ಆದರೆ ಮೊದಲ ಸಾಲನ್ನು ಗಡಿಬಿಡಿಯಲ್ಲಿ ಕೂಡಿಸಿದೆವು. ಒಂದು ಮೂಲೆ ಕಾಲು ಇಂಚು ತಗ್ಗಾಗಿತ್ತು. ಗಾರೆಯ ಗೋಡೆಯಲ್ಲಿ ಗೌಂಡಿ ಮುಂದಿನ ಸಾಲಿನಲ್ಲಿ ಗಾರೆ ದಪ್ಪ ಮಾಡಿ ಸರಿದೂಗಿಸುತ್ತಾನೆ. ಇಲ್ಲಿ ಗಾರೆಯೇ ಇಲ್ಲ, ಮುಚ್ಚಿಕೊಳ್ಳಲು ಜಾಗವಿಲ್ಲ. ಒಂಬತ್ತನೇ ಸಾಲಿಗೆ ಗುಬ್ಬಿ ಕುಳಿಯಲ್ಲಿ ಕೂಡದಾದವು, ಸಂದಿಯಿಂದ ಬೆಳಕು ಕಾಣಿಸಿತು.

ಎಲ್ಲ ಬಿಚ್ಚಿದೆವು. ಒಂದು ಮುಂಜಾನೆಯಲ್ಲಿ ಒಂಬತ್ತು ಸಾಲು ಕೆಳಗೆ ಬಂದವು, ಒಂದೂ ಒಡೆಯಲಿಲ್ಲ. ಮೊದಲ ಸಾಲನ್ನು ಸಿಮೆಂಟ್ ಗಾರೆಯಲ್ಲಿ ನೀರಿನ ಲೆವೆಲ್ ಹಿಡಿದು ಹೊಸದಾಗಿ ಕೂಡಿಸಿದೆವು. ಅದಕ್ಕೆ ಒಂದು ಇಡೀ ದಿನ ಬೇಕಾಯಿತು. ಮುಂದಿನ ಸಾಲುಗಳನ್ನು ನಮ್ಮ ಹುಡುಗರೇ ಇಟ್ಟರು. ಇಟ್ಟಂಗಿಯ ಎತ್ತರದಲ್ಲಿ ಒಂದೇ ಮಿಲಿಮೀಟರ್ ಫರಕು ಇದ್ದರೂ 24 ಸಾಲಿಗೆ ಸುಮಾರು ಒಂದು ಇಂಚಾಗುತ್ತದೆ. ಆದ್ದರಿಂದ ತರುವಾಗಲೇ ಹತ್ತು ಇಟ್ಟಂಗಿ ಒಂದರ ಮೇಲೊಂದು ಇಟ್ಟು ಅಳೆದು ನೋಡಿರಿ.

ಗೋಡೆಯನ್ನು ಹಿಡಿಯುವುದು ಯಾವುದು?

1967ರ ಕೊಯ್ನಾ ಭೂಕಂಪ, 1993ರ ಕಿಲ್ಲಾರಿ ಭೂಕಂಪ ನಮ್ಮ ಹಿರಿಯರು ಮರೆತಿಲ್ಲ. ಕಿಲ್ಲಾರಿಯಲ್ಲಿ ಸಾವಿರಾರು ಜನ ಸತ್ತದ್ದು ಮಣ್ಣಿನಲ್ಲಿ ಕೂಡಿಸಿದ ದಪ್ಪ ಕಲ್ಲುಗೋಡೆಗಳ ಕೆಳಗೆ. ಆ ಗೋಡೆಗಳಲ್ಲಿ ಕಲ್ಲು ಕಲ್ಲನ್ನು, ಗೋಡೆ ಗೋಡೆಯನ್ನು ಹಿಡಿದಿರಲಿಲ್ಲ. ಇಂಟರ್‌ಲಾಕ್ ಇಟ್ಟಂಗಿಯ ಗುಬ್ಬಿ ಅಡ್ಡ ಸರಿಯುವುದನ್ನು ತಡೆಯುತ್ತದೆ, ಮೇಲಕ್ಕೆ ಎದ್ದು ಬರುವುದನ್ನು ತಡೆಯುವುದಿಲ್ಲ. ಅದಕ್ಕೇ ಮೂಲೆಗಳಲ್ಲಿ, ಬಾಗಿಲು ಕಿಟಕಿಗಳ ಎರಡೂ ಬದಿಗೆ ಪಾಯಾದಿಂದಲೇ ಸರಳು ಎಬ್ಬಿಸಿ ಆ ತೂತುಗಳಿಗೆ ತೆಳು ಕಾಂಕ್ರೀಟ್ ತುಂಬಬೇಕು. ಮೇಲೆ ನಾಲ್ಕೂ ಗೋಡೆಗಳನ್ನು ಸುತ್ತುವ ಕಾಂಕ್ರೀಟ್ ಪಟ್ಟಿ ಬೇಕು. 2001ರ ಕಛ್ ಭೂಕಂಪದ ನಂತರ ಆರೋವಿಲ್‌ನವರು ಖಾವಡಾದಲ್ಲಿ ಮೂರು ದಿನದೊಳಗೆ ಜೋಡಿಸಿದ ಮಾದರಿ ಮನೆ, 2015ರ ಭೂಕಂಪದ ನಂತರ ನೇಪಾಳದ ಹಳ್ಳಿಗಳಲ್ಲಿ ಎದ್ದ ಮನೆಗಳು ಇದೇ ವಿಧಾನದವು: ಒತ್ತಿದ ಮಣ್ಣಿನ ಟೊಳ್ಳು ಇಟ್ಟಂಗಿ, ಒಳಗೆ ಸರಳು.

ಇಲ್ಲಿ ನಮ್ಮೊಳಗೆ ವಾದವಾಯಿತು. ಕಾಂಕ್ರೀಟ್ ತುಂಬಿದರೆ ಕಳಚಲು ಬರುವುದಿಲ್ಲ, ತುಂಬದಿದ್ದರೆ ಮಕ್ಕಳನ್ನು ಒಳಗೆ ಕೂಡಿಸುವಂತಿಲ್ಲ. ಕಳಚುವ ಅನುಕೂಲಕ್ಕಾಗಿ ಮಕ್ಕಳ ತಲೆಯ ಮೇಲೆ ಗಂಡಾಂತರ ಇಡುವುದು ಬೇಡವೆಂದು ತೀರ್ಮಾನಿಸಿದೆವು. ಎಂಜಿನಿಯರರೊಬ್ಬರಿಗೆ ತೋರಿಸಿ, ಅವರು ಹೇಳಿದ ಕಡೆಯೆಲ್ಲ ತುಂಬಿದೆವು. ಉಳಿದ ಭಾಗ ಒಣ ಜೋಡಣೆ. ನಾಳೆ ಜಾಗ ಬಿಡುವ ಪ್ರಸಂಗ ಬಂದರೆ ಮೂಲೆಗಳು, ಮೇಲಿನ ಪಟ್ಟಿ ಹೋಗುತ್ತವೆ. ನಡುವಿನ ಇಟ್ಟಂಗಿ, ಬಾಗಿಲು, ಮೇಲಿನ ಪತ್ರಾ ನಮ್ಮ ಜೊತೆ ಬರುತ್ತವೆ. ಪೂರ್ತಿ ಅಲ್ಲ, ಆದರೆ ಬರಿಗೈಯೂ ಅಲ್ಲ.

ನದಿ ದಂಡೆಯ ಊರಿನವರಿಗೆ ಒಂದು ಎಚ್ಚರಿಕೆ. 2019ರ ಮಹಾಪೂರ ಎಲ್ಲರಿಗೂ ನೆನಪಿದೆ. ನೀರು ಬಂದು ನಿಲ್ಲುವ ಎತ್ತರದವರೆಗೆ ಕಲ್ಲು ಅಥವಾ ಕಾಂಕ್ರೀಟಿನದೇ ಗೋಡೆ ಮಾಡಿರಿ, ಮಣ್ಣಿನ ಇಟ್ಟಂಗಿ ಅದರ ಮೇಲಿರಲಿ. ಮಾಡನ್ನು ಗೋಡೆಯಿಂದ ಎರಡು ಅಡಿ ಹೊರಗೆ ಚಾಚಿರಿ.

ಖರ್ಚಿನ ಬಗ್ಗೆ ಕೇಳುವವರಿಗೆ: ಗಾರೆ, ಗಿಲಾವು, ಗೌಂಡಿಯ ದಿನಗೂಲಿ ಉಳಿಯುತ್ತದೆ. ಪಾಯಾ, ಸರಳು, ಮಾಡು ಇವುಗಳಲ್ಲಿ ಏನೂ ಉಳಿಯುವುದಿಲ್ಲ, ಉಳಿಸಲೂಬಾರದು. ಇಟ್ಟಂಗಿ ದೂರದಿಂದ ತರುವುದಾದರೆ ಬಾಡಿಗೆಯಲ್ಲೇ ಲಾಭ ಕರಗುತ್ತದೆ.

ಪುಸ್ತಕಗಳು ಈಗ ಒಣ ಜಾಗದಲ್ಲಿವೆ. ಭಾನುವಾರ ಮುಂಜಾನೆ ಕೋಣೆ ತೆರೆದಿರುತ್ತದೆ. ಕಟ್ಟುವ ವಿಚಾರ ಇರುವವರು ಬಂದು ಗೋಡೆ ಮುಟ್ಟಿ ನೋಡಿರಿ. ಬಾಗಿಲಿನ ಎಡಕ್ಕೆ, ಕೆಳಗಿನಿಂದ ಮೊದಲ ಸಾಲನ್ನು ವಿಶೇಷವಾಗಿ ನೋಡಿರಿ. ಬರುವಾಗ ಓದಿ ಮುಗಿಸಿದ ಒಂದು ಕನ್ನಡ ಪುಸ್ತಕ ಕೈಯಲ್ಲಿರಲಿ.