ನೈಂಟಿ ಹಾಕಿದರೆ ನೆಗಡಿ ಓಡಿಹೋಗುತ್ತದೆಯೇ?

ಬೆಂಗಳೂರಿನ ಆರ್.ಟಿ. ನಗರದ ಮುಖ್ಯರಸ್ತೆಯಿಂದ ಸುಲ್ತಾನ್‌ಪಾಳ್ಯದವರೆಗೆ ವಾರಾಂತ್ಯದ ಎಣ್ಣೆ ಪಾರ್ಟಿಗೆ ಕಾರಣ ಹುಡುಕಬೇಕಾಗಿಲ್ಲ. ಪ್ರಮೋಷನ್ ಆದರೂ ಸರಿ, ಮಳೆ ಬಂದರೂ ಸರಿ. ಅದಕ್ಕೆ ಆರೋಗ್ಯದ ನೆಪವೂ ಸೇರಿದಾಗ ಮಾತ್ರ ಲೆಕ್ಕ ತಪ್ಪುತ್ತದೆ.

ತಪ್ಪು ಕಲ್ಪನೆ: ಬ್ರಾಂದಿಗೆ ಮೆಣಸಿನಪುಡಿ ಹಾಕಿ ಕುಡಿದರೆ ನೆಗಡಿ ಮಾಯ.
ಸತ್ಯ: ಮದ್ಯ ಚರ್ಮದಡಿಯ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಮೈ ಬೆಚ್ಚಗಾದಂತೆ ಅನಿಸುತ್ತದೆ. ವಾಸ್ತವದಲ್ಲಿ ಒಳಗಿನ ಶಾಖ ಹೊರಹೋಗುತ್ತಿರುತ್ತದೆ. ವೈರಸ್ಸಿಗೆ ಏನೂ ಆಗುವುದಿಲ್ಲ. ನಿದ್ದೆ ಕೆಟ್ಟು, ಚೇತರಿಕೆ ತಡವಾಗಬಹುದು.

ತಪ್ಪು ಕಲ್ಪನೆ: ಸ್ಯಾನಿಟೈಸರ್ ಕೈಯ ಕ್ರಿಮಿ ಕೊಂದರೆ, ವಿಸ್ಕಿ ಮೈಯೊಳಗಿನ ಕ್ರಿಮಿ ಕೊಲ್ಲುತ್ತದೆ.
ಸತ್ಯ: 2020ರ ಮೇ 4ರಂದು ಲಾಕ್‌ಡೌನ್ ನಡುವೆ ರಾಜ್ಯದ ಮದ್ಯದಂಗಡಿಗಳು ತೆರೆದಾಗ, ಕ್ಯೂನಲ್ಲಿ ಹೀಗೆ ನಂಬಿದವರೂ ಇದ್ದರು. ಸ್ಯಾನಿಟೈಸರ್‌ನಲ್ಲಿ ಕನಿಷ್ಠ ಶೇ. 60ರಷ್ಟು ಆಲ್ಕೋಹಾಲ್ ಬೇಕು. ವಾಹನ ಚಾಲಕರ ರಕ್ತದಲ್ಲಿ ಕಾನೂನು ಸಹಿಸುವ ಮಿತಿಯೇ ಶೇ. 0.03. ರಕ್ತದಲ್ಲಿನ ಕ್ರಿಮಿ ಸಾಯುವಷ್ಟು ಕುಡಿದರೆ ಮೊದಲು ಕುಡಿದವನೇ ಸಾಯುತ್ತಾನೆ.

ತಪ್ಪು ಕಲ್ಪನೆ: ಬಿಯರ್ ಲೈಟು, ಹಾಟ್ ಡ್ರಿಂಕ್ಸ್ ಮಾತ್ರ ಕೆಟ್ಟದ್ದು.
ಸತ್ಯ: ಶೇ. 7ರ ಸ್ಟ್ರಾಂಗ್ ಬಿಯರಿನ 650 ಮಿ.ಲೀ. ಬಾಟಲಿಯಲ್ಲಿ ಸುಮಾರು 36 ಗ್ರಾಂ ಆಲ್ಕೋಹಾಲ್ ಇರುತ್ತದೆ. ಒಂದು ನೈಂಟಿ (90 ಮಿ.ಲೀ.) ವಿಸ್ಕಿಯಲ್ಲಿ ಸುಮಾರು 30 ಗ್ರಾಂ.

ತಪ್ಪು ಕಲ್ಪನೆ: ವಾರಕ್ಕೊಮ್ಮೆ ಕುಡಿದರೆ ಏನಾಗುತ್ತದೆ?
ಸತ್ಯ: ನಾಲ್ವರು ಕೂತರೆ ತಲೆಗೊಂದು ರೌಂಡ್ ಕೊಡಿಸುವುದು ಮರ್ಯಾದೆ. ಹಾಗಾಗಿ ನಾಲ್ಕು ರೌಂಡ್ ಮುಗಿಯದೆ ಯಾರೂ ಏಳುವುದಿಲ್ಲ. ಹೆಚ್ಚುಕಡಿಮೆ ಇಷ್ಟೇ ಪ್ರಮಾಣವನ್ನು ಆರೋಗ್ಯವಂತ ಯುವಜನರಿಗೆ ಕುಡಿಸಿ ಅಮೆರಿಕದ ಸಂಶೋಧಕರು 2015ರಲ್ಲಿ ವರದಿ ಪ್ರಕಟಿಸಿದರು. ಕುಡಿದ 20 ನಿಮಿಷಕ್ಕೆ ರೋಗನಿರೋಧಕ ವ್ಯವಸ್ಥೆ ಕೆರಳಿತ್ತು. ಎರಡು ಮತ್ತು ಐದು ಗಂಟೆಗಳ ಹೊತ್ತಿಗೆ, ರೋಗಾಣುಗಳ ಮೇಲೆ ಬೀಳುವ ಕೆಲವು ಬಿಳಿ ರಕ್ತಕಣಗಳ ಸಂಖ್ಯೆ ರಕ್ತದಲ್ಲಿ ಇಳಿದಿತ್ತು. ಒಂದೇ ಸಲದ ಕುಡಿತದ ಪರಿಣಾಮ ಇದು.

ತಪ್ಪು ಕಲ್ಪನೆ: ಕುಡಿದರೆ ಹಾಳಾಗುವುದು ಲಿವರ್ ಮಾತ್ರ.
ಸತ್ಯ: ದೀರ್ಘಕಾಲ ಹೆಚ್ಚು ಕುಡಿಯುವವರಲ್ಲಿ ಶ್ವಾಸಕೋಶವನ್ನು ಕಾಯುವ ಕಣಗಳು ಮಂಕಾಗುತ್ತವೆ, ಕರುಳಿನ ಗೋಡೆ ಸಡಿಲವಾಗಿ ಬ್ಯಾಕ್ಟೀರಿಯಾದ ವಿಷಾಂಶ ರಕ್ತ ಸೇರುತ್ತದೆ. ನ್ಯುಮೋನಿಯಾ ಸುಲಭವಾಗಿ ಹಿಡಿಯುತ್ತದೆ. ದಿನಕ್ಕೆ 40 ಗ್ರಾಂ ದಾಟಿ ಕುಡಿಯುವವರಿಗೆ ಕ್ಷಯದ ಅಪಾಯ ಸುಮಾರು ಮೂರು ಪಟ್ಟು. ಗಾಳಿಯಾಡದ ಬಾರಿನಲ್ಲಿ ಪಕ್ಕದವನ ಕೆಮ್ಮೂ ಅಪಾಯಕ್ಕೆ ಕೈಜೋಡಿಸುತ್ತದೆ.

ಮದ್ಯಕ್ಕೆ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ. ಎರಡು ವಾರ ದಾಟಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಕಫ ಪರೀಕ್ಷೆ ಉಚಿತ. ದಿನವೂ ವಿಪರೀತ ಕುಡಿಯುವವರು ದಿಢೀರ್ ನಿಲ್ಲಿಸದೆ ವೈದ್ಯರನ್ನು ಕಂಡೇ ಬಿಡಬೇಕು. ಸಲಹೆಗೆ ಟೆಲಿ-ಮಾನಸ್ ಸಹಾಯವಾಣಿ 14416 ಇದೆ. ಗೆಳೆಯರಿಗೆ ಕಂಪನಿ ಕೊಡಿ, ಕೈಯಲ್ಲಿ ನಿಂಬೆ ಸೋಡಾ ಇರಲಿ. ಬೇಡ ಎಂದವನಿಗೆ ಒತ್ತಾಯ ಮಾಡಬೇಡಿ.