ವಿದೇಶೀ ಕಾರಿಗೆ ಯಾರ ಕೈ?

ಬಾಗಲಕೋಟೆಯ ಬಳಿಯ ತುಳಸಿಗೇರಿಯಲ್ಲಿ ಹೊಸ ವಾಹನಕ್ಕೆ ಹನುಮಪ್ಪನ ಗುಡಿಯ ಮುಂದೆ ಪೂಜೆ ಮಾಡಿಸುವುದು ಸುಲಭ. ಅದು ಪೋರ್ಷೆಯಂಥ ವೇಗದ ವಿದೇಶೀ ಕಾರಾದರೆ ಸರ್ವೀಸು ಮಾಡಿಸುವುದು ಸುಲಭವಲ್ಲ. ಕಂಪನಿಯ ಅಧಿಕೃತ ಕಾರ್ಯಾಗಾರವಿರುವುದು ದೂರದ ಬೆಂಗಳೂರಿನಲ್ಲಿ. ವಾರಂಟಿ ಮುಗಿಯುವವರೆಗೆ ಆ ದಾರಿಯನ್ನು ಸವೆಸುವುದೇ ಲೇಸು.

ಅನಂತರ ಹತ್ತಿರದ ಗ್ಯಾರೇಜನ್ನು ಅರಸಬಹುದು. ಫಲಕಕ್ಕೆ ಮಾತ್ರ ಮರುಳಾಗಬೇಡಿ. ಈ ಮಾದರಿಯ ದೋಷಸಂಕೇತಗಳನ್ನು ಓದುವ ಉಪಕರಣ ಅಲ್ಲಿ ಉಂಟೆ? ಕೈಪಿಡಿ ಹೇಳಿದ ದರ್ಜೆಯ ಎಣ್ಣೆಯನ್ನೇ ಹಾಕುವರೆ? ಟರ್ಬೋ ಎಂಜಿನಿನಲ್ಲಿ ನಿಮಿಷಕ್ಕೆ 1 ಲಕ್ಷ ಸುತ್ತನ್ನೂ ಮೀರಿ ತಿರುಗುವ ಚಕ್ರವೊಂದು ಎಣ್ಣೆಯ ತೆಳು ಪೊರೆಯನ್ನೇ ನಂಬಿರುತ್ತದೆ. ಸಲ್ಲದ ಎಣ್ಣೆ ಅದನ್ನು ಸದ್ದಿಲ್ಲದೆ ಸವೆಯಿಸುತ್ತದೆ. ಬ್ರೇಕಿನ ದ್ರವವಾದರೋ ಗಾಳಿಯ ತೇವವನ್ನು ಹೀರುತ್ತದೆ. ಗಾಡಿ ಷೆಡ್ಡಿನಲ್ಲೇ ನಿಂತಿದ್ದರೂ ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು.

“ಇದು ನನ್ನ ಕೈಲೆ ಆಗೂದಿಲ್ರೀ, ಕಂಪನಿಗೇ ಒಯ್ರಿ” ಎನ್ನುವ ಮೇಸ್ತ್ರಿ ಸಿಕ್ಕರೆ ಅವನ ವಿಳಾಸವನ್ನು ಬರೆದಿಟ್ಟುಕೊಳ್ಳಿ. ಉಳಿದ ಕೆಲಸಗಳಿಗೆ ಅವನೇ ಆದೀತು.