ಬಣ್ಣದ ಚಿತ್ರವನ್ನು ನಂಬುವ ಮುನ್ನ
ಫೈನೈಟ್ ಎಲಿಮೆಂಟ್ ವಿಶ್ಲೇಷಣೆಯ ವರದಿಯನ್ನು ಸಣ್ಣ ಉದ್ದಿಮೆದಾರರು ಓದಬೇಕಾದ ಬಗೆ

1991ರ ಆಗಸ್ಟ್ 23ರಂದು ನಾರ್ವೆ ದೇಶದ ಸ್ಟಾವಂಗರ್ ನಗರದ ಬಳಿಯ ಕಡಲ ಕೊಲ್ಲಿಯೊಂದರಲ್ಲಿ ಕಾಂಕ್ರೀಟಿನ ಬೃಹತ್ ಬುನಾದಿಯೊಂದು ಮುಳುಗಿಹೋಯಿತು. ಉತ್ತರ ಸಮುದ್ರದ ಸ್ಲೈಪ್ನರ್ ಅನಿಲ ಕ್ಷೇತ್ರದಲ್ಲಿ ಸುಮಾರು 82 ಮೀಟರ್ ಆಳದ ನೀರಿನಲ್ಲಿ ನಿಲ್ಲಬೇಕಾಗಿದ್ದ ರಚನೆ ಅದು. ಅದರ ಮೇಲೆ ಯಂತ್ರೋಪಕರಣಗಳ ಅಟ್ಟವನ್ನು ಕೂರಿಸುವ ಮುನ್ನ, ಒಳಗೆ ನೀರು ತುಂಬಿಸಿ ನಿಧಾನವಾಗಿ ಇಳಿಸುವ ಪರೀಕ್ಷೆ ನಡೆದಿತ್ತು. ಆಗ ಒಳಗೋಡೆಯೊಂದು ಬಿರುಕುಬಿಟ್ಟು ನೀರು ನುಗ್ಗಿತು. ಪಂಪುಗಳು ಸಾಲದಾದವು. ಇಪ್ಪತ್ತು ನಿಮಿಷ ಕಳೆಯುವುದರೊಳಗೆ ಇಡೀ ರಚನೆ ಕಣ್ಮರೆಯಾಗಿ, ಕೊಲ್ಲಿಯ ತಳಕ್ಕೆ ಬಡಿದು ಪುಡಿಯಾಯಿತು. ನಷ್ಟದ ಅಂದಾಜು ಸುಮಾರು 70 ಕೋಟಿ ಡಾಲರ್.

ಆ ಗೋಡೆಗಳ ವಿನ್ಯಾಸಕ್ಕೆ ಗಣಕಯಂತ್ರದ ಲೆಕ್ಕವಿತ್ತು, ವರದಿಯೂ ಇತ್ತು. ಆದರೆ ಮೂರು ಗೋಡೆಗಳು ಕೂಡುವ ಇಕ್ಕಟ್ಟಾದ ಜಾಗದಲ್ಲಿ ಲೆಕ್ಕದ ಜಾಲರಿ ಒರಟಾಗಿದ್ದುದರಿಂದ, ಗೋಡೆಯನ್ನು ಕತ್ತರಿಸಲೆತ್ನಿಸುವ ಶಿಯರ್ ಬಲವು ಇರಬೇಕಾದುದಕ್ಕಿಂತ ಶೇ. 47ರಷ್ಟು ಕಡಿಮೆಯಾಗಿ ತೋರಿಬಂದಿತ್ತು. ಆ ಜಾಗದ ಉಕ್ಕಿನ ಸರಳುಗಳೂ ಬೇಕಾದಷ್ಟು ಉದ್ದವಿರಲಿಲ್ಲ. ಅಪಘಾತದ ಅನಂತರ ಎಚ್ಚರದಿಂದ ಮಾಡಿದ ಲೆಕ್ಕವು, ಸುಮಾರು 62 ಮೀಟರ್ ಆಳದಲ್ಲಿ ಗೋಡೆ ಸೋಲುತ್ತದೆಂದು ತೋರಿಸಿತು. ನಿಜವಾಗಿ ಸೋತದ್ದು ಸುಮಾರು 65 ಮೀಟರಿನಲ್ಲಿ. ಅಂದರೆ ವಿಧಾನ ಸುಳ್ಳಾಗಿರಲಿಲ್ಲ. ಬಳಸಿದ ರೀತಿ ತಪ್ಪಾಗಿತ್ತು, ಬಂದ ಉತ್ತರವನ್ನು ಯಾರೂ ಒರೆಗೆ ಹಚ್ಚಿರಲಿಲ್ಲ.

ದೂರದ ನಾರ್ವೆಯ ಈ ಪಾಠ ನಮ್ಮ ಸಣ್ಣ ತಯಾರಕರಿಗೂ ಅನ್ವಯಿಸುತ್ತದೆ. ಬ್ರಾಕೆಟ್, ಫ್ರೇಮ್, ಬೀಡಿನ ಹೌಸಿಂಗ್ ಇವುಗಳ ತೂಕ ಇಳಿಸಿ ಬೆಲೆ ತಗ್ಗಿಸಿರೆಂದು ಖರೀದಿದಾರರು ಕೇಳುವುದು ಸಾಮಾನ್ಯ. ಅದಕ್ಕೆ ಆಧಾರವಾಗಿ ಕೆಂಪು, ಹಸಿರು, ನೀಲಿ ಬಣ್ಣಗಳ ಚಿತ್ರವಿರುವ ವರದಿಯೊಂದು ಮೇಜಿಗೆ ಬರುತ್ತದೆ. ಕೆಂಪು ಕಡಿಮೆಯಿದ್ದರೆ ಕ್ಷೇಮವೆಂದು ಭಾವಿಸಿ ಸಹಿ ಹಾಕುವುದುಂಟು. ಮಾಲು ಮುರಿದರೆ ನಷ್ಟವಾಗುವುದು ಸಾಫ್ಟ್‌ವೇರಿಗಲ್ಲ, ಸಹಿ ಹಾಕಿದವರಿಗೆ.

ವಿಧಾನದ ತಿರುಳು

ಆಕಾರ ಜಟಿಲವಾದಷ್ಟೂ ಅದರ ಮೇಲಿನ ಬಲಗಳ ಪರಿಣಾಮವನ್ನು ಒಂದೇ ಸೂತ್ರದಿಂದ ಹೇಳುವುದು ಕಷ್ಟ. ಆದ್ದರಿಂದ ವಸ್ತುವನ್ನು ಎಲಿಮೆಂಟ್ ಎಂಬ ಸಾವಿರಾರು ಸಣ್ಣ ತುಂಡುಗಳಾಗಿ ವಿಭಾಗಿಸಿ, ಪ್ರತಿ ತುಂಡಿಗೂ ಸರಳ ಸಮೀಕರಣ ಬರೆದು, ಎಲ್ಲವನ್ನೂ ಒಟ್ಟಿಗೆ ಬಿಡಿಸಲಾಗುತ್ತದೆ. ತುಂಡುಗಳು ಕೂಡುವ ಬಿಂದುಗಳಿಗೆ ನೋಡ್ ಎಂದೂ, ಇಡೀ ಜಾಲರಿಗೆ ಮೆಶ್ ಎಂದೂ ಹೆಸರು. 1956ರಲ್ಲಿ ಟರ್ನರ್, ಕ್ಲಫ್ ಮುಂತಾದವರು ವಿಮಾನದ ರೆಕ್ಕೆಗಳ ಬಿಗಿತವನ್ನು ಲೆಕ್ಕಹಾಕಲು ಪ್ರಕಟಿಸಿದ ಪ್ರಬಂಧದಿಂದ ಈ ವಿಧಾನ ಬೆಳೆಯಿತು. ‘ಫೈನೈಟ್ ಎಲಿಮೆಂಟ್’ ಎಂಬ ಹೆಸರನ್ನು ರೇ ಕ್ಲಫ್ 1960ರಲ್ಲಿ ಕೊಟ್ಟರು.

ಗಣಕಯಂತ್ರವು ಮೊದಲು ಕಂಡುಹಿಡಿಯುವುದು ಪ್ರತಿ ನೋಡ್ ಎಷ್ಟು ಸರಿಯಿತು ಎಂಬುದನ್ನು. ಅದರಿಂದ ಸ್ಟ್ರೆಸ್, ಅಂದರೆ ಪ್ರತಿ ಚದರ ಮಿಲಿಮೀಟರಿನ ಮೇಲೆ ಬೀಳುವ ಬಲವನ್ನು, ಆಮೇಲೆ ಲೆಕ್ಕಹಾಕಲಾಗುತ್ತದೆ. ಆದಕಾರಣ ಒರಟು ಮೆಶ್‌ನಲ್ಲಿ ಬಾಗುವಿಕೆಯ ಅಂಕಿ ಹೆಚ್ಚುಕಡಿಮೆ ಸರಿಯಾಗಿದ್ದರೂ ಸ್ಟ್ರೆಸ್‌ನ ಅಂಕಿ ಬಹಳ ತಪ್ಪಿರಬಹುದು.

ಮೊದಲ ಪಾಠ: ಒಂದು ಪಟ್ಟಿ

ಕಲಿಯುವವರು ಸಂಕೀರ್ಣ ಬಿಡಿಭಾಗದಿಂದ ಆರಂಭಿಸಬಾರದು. ಉತ್ತರ ಮೊದಲೇ ಗೊತ್ತಿರುವ ಲೆಕ್ಕದಿಂದ ಆರಂಭಿಸಬೇಕು. 50 ಮಿ.ಮೀ. ಅಗಲ, 10 ಮಿ.ಮೀ. ದಪ್ಪದ ಎಂ.ಎಸ್. ಫ್ಲಾಟ್ ಪಟ್ಟಿಯ ಒಂದು ತುದಿಯನ್ನು ಭದ್ರವಾಗಿ ಹಿಡಿಸಿ, 200 ಮಿ.ಮೀ. ದೂರದ ಇನ್ನೊಂದು ತುದಿಯ ಮೇಲೆ ಸುಮಾರು 100 ಕಿಲೋ ಭಾರ, ಅಂದರೆ 1,000 ನ್ಯೂಟನ್ ಬಲ ಹಾಕಿದೆವೆಂದು ಭಾವಿಸೋಣ. ಪಟ್ಟಿಯನ್ನು ಅಡ್ಡವಾಗಿ ಮಲಗಿಸಿದರೆ ಹಿಡಿತದ ಬಳಿ ಸ್ಟ್ರೆಸ್ ಪ್ರತಿ ಚದರ ಮಿ.ಮೀ.ಗೆ 240 ನ್ಯೂಟನ್; ತುದಿ ಬಾಗುವುದು ಸುಮಾರು 3.2 ಮಿ.ಮೀ. ಅದೇ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿದರೆ ಸ್ಟ್ರೆಸ್ 48 ನ್ಯೂಟನ್‌ಗೆ, ಬಾಗುವಿಕೆ ಸುಮಾರು 0.13 ಮಿ.ಮೀ.ಗೆ ಇಳಿಯುತ್ತದೆ. ಐ.ಎಸ್. 2062ರ ಇ 250 ದರ್ಜೆಯ ಉಕ್ಕು ಶಾಶ್ವತವಾಗಿ ಬಾಗತೊಡಗುವ ಮಿತಿ 250 ನ್ಯೂಟನ್. ಮಲಗಿಸಿದ ಪಟ್ಟಿ ಅಪಾಯದ ಅಂಚಿನಲ್ಲಿದೆ. ನಿಲ್ಲಿಸಿದ ಪಟ್ಟಿಗೆ ಐದು ಪಟ್ಟು ಅವಕಾಶವಿದೆ. ಉಕ್ಕಿನ ಖರ್ಚು ಮಾತ್ರ ಎರಡರಲ್ಲೂ ಒಂದೇ.

ಈ ಲೆಕ್ಕ ಕ್ಯಾಲ್ಕುಲೇಟರಿನಲ್ಲಿ ಐದು ನಿಮಿಷದ ಕೆಲಸ. ಅದನ್ನೇ ಸಾಫ್ಟ್‌ವೇರಿನಲ್ಲಿ ಮಾಡಿ ಉತ್ತರಗಳನ್ನು ತಾಳೆ ನೋಡಬೇಕು. ಹಿಡಿತದ ಅಂಚಿನಲ್ಲಿ ಅಂಕಿಗಳು ಸ್ವಲ್ಪ ಏರುಪೇರಾಗುವುದು ಸಹಜ. ನಿಲ್ಲಿಸಿದ ಪಟ್ಟಿಯ ನಡುಭಾಗದಲ್ಲಿ, ಮೇಲಂಚಿನ ಸ್ಟ್ರೆಸ್ 24 ನ್ಯೂಟನ್ ಬರಲೇಬೇಕು. ಬಾರದಿದ್ದರೆ ಕಾರಣ ಹುಡುಕಬೇಕು. ಕಲಿಕೆ ಆರಂಭವಾಗುವುದು ಅಲ್ಲಿಂದ.

ವರದಿಯ ಮುಂದೆ ಕೇಳಬೇಕಾದ ಆರು ಪ್ರಶ್ನೆಗಳು

1. ಬಲ ಮತ್ತು ಮಾನಗಳು ಸರಿಯೇ? ಅನೇಕ ಸಾಫ್ಟ್‌ವೇರುಗಳು ಮಾನಗಳನ್ನು ಪರಿಶೀಲಿಸುವುದಿಲ್ಲ. ಕೊಟ್ಟ ಅಂಕಿಯನ್ನು ಹಾಗೆಯೇ ಗುಣಿಸುತ್ತವೆ. ಮೀಟರ್ ಮತ್ತು ಮಿಲಿಮೀಟರ್ ಬೆರೆತರೆ ಉತ್ತರ ಸಾವಿರ, ಲಕ್ಷ ಪಟ್ಟು ತಪ್ಪುತ್ತದೆ. ಆಧಾರಗಳಲ್ಲಿ ಹುಟ್ಟುವ ಪ್ರತಿಬಲಗಳ ಮೊತ್ತ ಹಾಕಿದ ಭಾರಕ್ಕೆ ಸಮನಾಗಿರುವುದನ್ನು ವರದಿಯಲ್ಲಿ ತೋರಿಸಿರಬೇಕು.

2. ಆಧಾರ ವಾಸ್ತವಕ್ಕೆ ಹತ್ತಿರವೇ? ಎರಡು ಬೋಲ್ಟುಗಳಲ್ಲಿ ನಿಂತ ಬ್ರಾಕೆಟ್ಟಿನ ಇಡೀ ಹಿಂಭಾಗವನ್ನು ಗೋಡೆಗೆ ಅಂಟಿಸಿದಂತೆ ಲೆಕ್ಕಹಾಕಿದರೆ, ಅದು ನಿಜಕ್ಕಿಂತ ಗಟ್ಟಿಯಾಗಿ ಕಾಣುತ್ತದೆ.

3. ಮೆಶ್ ಸಣ್ಣದು ಮಾಡಿದಾಗ ಉತ್ತರ ನಿಂತಿತೇ? ತುಂಡುಗಳ ಅಳತೆಯನ್ನು ಅರ್ಧಕ್ಕಿಳಿಸಿ ಪುನಃ ಲೆಕ್ಕ ಮಾಡಬೇಕು. ಅಂಕಿ ಹೆಚ್ಚು ಬದಲಾಗದಿದ್ದರೆ ನಂಬಬಹುದು. ನಾಲ್ಕು ನೋಡ್‌ಗಳ ಸರಳ ಟೆಟ್ರಾ ಎಲಿಮೆಂಟುಗಳು ಬಾಗುವ ಭಾಗಗಳಲ್ಲಿ ಅತಿ ಬಿಗಿಯಾಗಿ ವರ್ತಿಸಿ ಸ್ಟ್ರೆಸ್ಸನ್ನು ಕಡಿಮೆ ತೋರಿಸುತ್ತವೆ. ಹತ್ತು ನೋಡ್‌ಗಳವು ಮೇಲು. ಇನ್ನು, ರೇಡಿಯಸ್ ಇಲ್ಲದ ಚೂಪಾದ ಒಳಮೂಲೆಯಲ್ಲಿ ಮೆಶ್ ಸಣ್ಣದಾದಷ್ಟೂ ಸ್ಟ್ರೆಸ್ ಏರುತ್ತಲೇ ಹೋಗುತ್ತದೆ. ಅಲ್ಲಿನ ಅಂಕಿಗೆ ಅರ್ಥವಿಲ್ಲ; ನಿಜವಾದ ರೇಡಿಯಸ್ಸನ್ನು ಬರೆದೇ ಲೆಕ್ಕ ಮಾಡಬೇಕು.

4. ಲೋಹಕ್ಕೆ ತಕ್ಕ ಅಳತೆಗೋಲು ಬಳಸಿದೆಯೇ? ಬಣ್ಣದ ಚಿತ್ರಗಳು ಸಾಮಾನ್ಯವಾಗಿ ವಾನ್ ಮಿಸಸ್ ಸ್ಟ್ರೆಸ್ಸನ್ನು ತೋರಿಸುತ್ತವೆ. ಬಾಗಿ ತಾಳಿಕೊಳ್ಳುವ ಉಕ್ಕಿಗೆ ಅದು ತಕ್ಕದ್ದು. ಬೆಳಗಾವಿಯ ಫೌಂಡ್ರಿಗಳಲ್ಲಿ ಎರಕವಾಗುವ ಗ್ರೇ ಬೀಡು ಬಾಗದೆ ಸೀಳುತ್ತದೆ. ಅದು ಒತ್ತನ್ನು ತಾಳುವಷ್ಟು ಎಳೆತವನ್ನು ತಾಳದು. ಅದಕ್ಕೆ ಗರಿಷ್ಠ ಪ್ರಿನ್ಸಿಪಲ್ ಸ್ಟ್ರೆಸ್ ನೋಡಬೇಕು.

5. ಅಂಕಿ ಸಾಧ್ಯವಾದದ್ದೇ? ಸರಳ ಲೀನಿಯರ್ ಲೆಕ್ಕಕ್ಕೆ ಲೋಹದ ಮಿತಿ ತಿಳಿಯದು. 250ರ ಉಕ್ಕಿನಲ್ಲಿ 600 ಎಂದು ತೋರಿಸಿದರೆ, ಆ ಭಾಗ ಆಗಲೇ ಮಿತಿ ಮೀರಿದೆ, ಲೆಕ್ಕದ ಆಧಾರವೇ ಕುಸಿದಿದೆ ಎಂದರ್ಥ. ಚಿತ್ರದಲ್ಲಿ ವಸ್ತು ಬಿಲ್ಲಿನಂತೆ ಬಾಗಿ ಕಂಡರೆ ಗಾಬರಿ ಬೇಡ; ಸಾಫ್ಟ್‌ವೇರು ಬಾಗುವಿಕೆಯನ್ನು ಹಲವು ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಬಣ್ಣಗಳ ಅಳತೆಪಟ್ಟಿಯೂ ಬದಲಾಗಬಲ್ಲದು: ಒಂದು ಚಿತ್ರದ ಕೆಂಪು ಇನ್ನೊಂದರ ಹಸಿರಾಗಿರಬಹುದು. ಬಣ್ಣವನ್ನಲ್ಲ, ಅಂಕಿಯನ್ನು ಓದಬೇಕು.

6. ಯಾವ ಬಗೆಯ ಸೋಲನ್ನು ಪರೀಕ್ಷಿಸಲಾಗಿದೆ? ನಿಂತ ಭಾರಕ್ಕೆ ಕ್ಷೇಮವಾದ ಭಾಗ, ಲಕ್ಷಾಂತರ ಬಾರಿ ಕಂಪಿಸಿ ದಣಿದು ಮುರಿಯಬಹುದು. ತೆಳುವಾದ ಕಂಬ, ಸ್ಟ್ರೆಸ್ ಕಡಿಮೆಯಿದ್ದರೂ ಒಮ್ಮೆಲೇ ಪಕ್ಕಕ್ಕೆ ಬಾಗಿ ಸೋಲಬಹುದು. ಬೆಸುಗೆಯ ಜಾಗಗಳಿಗೆ ಬೇರೆಯೇ ಲೆಕ್ಕ ಬೇಕು.

ಕಲಿಯುವ ದಾರಿ

ದುಬಾರಿ ಪರವಾನಗಿಯ ಭಯದಿಂದ ಹಿಂಜರಿಯಬೇಕಾಗಿಲ್ಲ. ಕ್ಯಾಲ್ಕುಲಿಕ್ಸ್, ಫ್ರೆಂಚ್ ವಿದ್ಯುತ್ ಸಂಸ್ಥೆಯ ಕೋಡ್ ಆಸ್ಟರ್, ಫ್ರೀಕ್ಯಾಡ್‌ನೊಳಗಿನ ಎಫ್.ಇ.ಎಂ. ವಿಭಾಗ ಇವು ಉಚಿತವಾಗಿ ದೊರೆಯುತ್ತವೆ. ಐ.ಐ.ಟಿ.ಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್.ಪಿ.ಟಿ.ಇ.ಎಲ್.ನಲ್ಲಿ ಈ ವಿಷಯದ ಉಪನ್ಯಾಸಗಳನ್ನು ಶುಲ್ಕವಿಲ್ಲದೆ ಕೇಳಬಹುದು. ಬ್ರಿಟನ್ನಿನಲ್ಲಿ 1983ರಲ್ಲಿ ಆರಂಭವಾದ ನಾಫೆಮ್ಸ್ ಸಂಸ್ಥೆಯು ಉತ್ತರ ಗೊತ್ತಿರುವ ಮಾದರಿ ಲೆಕ್ಕಗಳನ್ನು ರೂಪಿಸಿದೆ. ಕಲಿಯುವವರು ಅವುಗಳಿಂದ ತಮ್ಮ ಕೈಯನ್ನು ಪರೀಕ್ಷಿಸಿಕೊಳ್ಳಬಹುದು.

ಕಾರ್ಖಾನೆಯಲ್ಲಿ ಯಾರಿಗೆ ಈ ಕೆಲಸ ಒಪ್ಪಿಸಬೇಕು? ಸಾಫ್ಟ್‌ವೇರಿನ ಗುಂಡಿಗಳನ್ನು ಬಲ್ಲವರಿಗಿಂತ, ಬಿಡಿಭಾಗ ಎಲ್ಲಿ ಮುರಿಯುತ್ತದೆಂದು ಕಂಡು ಬಲ್ಲವರು ಬೇಗ ಕಲಿಯುತ್ತಾರೆ. ಹಳೆಯ ದೂರುಗಳ ಕಡತ, ಹಿಂದಿರುಗಿ ಬಂದ ಮುರಿದ ತುಂಡುಗಳು ಅವರಿಗೆ ಒಳ್ಳೆಯ ಪಠ್ಯಪುಸ್ತಕ. ಮುರಿದ ಭಾಗದ ಲೆಕ್ಕವನ್ನು ಮಾಡಿ, ಅದು ನಿಜವಾಗಿ ಮುರಿದ ಜಾಗವನ್ನೇ ತೋರಿಸುವುದೇ ಎಂದು ನೋಡುವುದಕ್ಕಿಂತ ಉತ್ತಮ ಅಭ್ಯಾಸವಿಲ್ಲ.

ಹೊರಗಿನವರಿಂದ ವಿಶ್ಲೇಷಣೆ ಮಾಡಿಸುವವರು ಆದೇಶ ಪತ್ರದಲ್ಲಿಯೇ ನಾಲ್ಕು ಷರತ್ತುಗಳನ್ನು ಬರೆಯಬಹುದು: ಬಲ ಮತ್ತು ಆಧಾರಗಳ ವಿವರ, ಪ್ರತಿಬಲಗಳ ತಾಳೆ, ಕನಿಷ್ಠ ಎರಡು ಮೆಶ್‌ಗಳ ಹೋಲಿಕೆ, ಒಂದು ಪುಟದ ಕೈಲೆಕ್ಕ. ಪ್ರಾಮಾಣಿಕವಾಗಿ ಕೆಲಸ ಮಾಡುವವರಿಗೆ ಇವು ಹೊರೆಯಲ್ಲ. ಇವನ್ನು ಕೊಡಲು ಹಿಂಜರಿಯುವವರ ಬಣ್ಣದ ಚಿತ್ರಕ್ಕೆ ಹಣ ತೆರುವ ಅಗತ್ಯವೂ ಇಲ್ಲ.

ಸ್ಲೈಪ್ನರ್ ಬುನಾದಿಯನ್ನು ಪುನಃ ಕಟ್ಟಬೇಕಾದಾಗ, ಗಣಕಯಂತ್ರದ ಹೊಸ ಫಲಿತಾಂಶಗಳಿಗಾಗಿ ಕಾಯದೆ, ಹಿಂದಿನ ತಲೆಮಾರಿನ ಕೈಲೆಕ್ಕದ ವಿಧಾನಗಳಿಂದಲೇ ಎಂಜಿನಿಯರುಗಳು ವಿನ್ಯಾಸವನ್ನು ಆರಂಭಿಸಿದರು. 1993ರಲ್ಲಿ ಆ ವೇದಿಕೆ ತನ್ನ ಸ್ಥಾನ ಸೇರಿತು. ಗಣಕಯಂತ್ರವನ್ನು ಕೈಬಿಡಬೇಕೆಂಬುದು ಇದರ ಅರ್ಥವಲ್ಲ. ಸಣ್ಣ ಲೆಕ್ಕ ಬಲ್ಲವರ ಕೈಯಲ್ಲಿ ದೊಡ್ಡ ಲೆಕ್ಕ ಕ್ಷೇಮವೆಂಬುದಷ್ಟೇ ಇದರ ಅರ್ಥ. ಆ ಸಣ್ಣ ಲೆಕ್ಕಕ್ಕೆ ಬೇಕಾಗುವುದು ಒಂದು ಕ್ಯಾಲ್ಕುಲೇಟರ್, ಒಂದು ಹಾಳೆ ಮತ್ತು ಸಹಿ ಹಾಕುವ ಮುನ್ನ ಅರ್ಧ ಗಂಟೆಯ ತಾಳ್ಮೆ.